ಜೋಳದ ತೌಡಿನಲ್ಲಿ ಲೊವಾಸ್ಟಾಟಿನ್: ಸ್ಪೆಕ್ಟ್ರೋದಲ್ಲಿ 9 ಮಿ.ಗ್ರಾಂ, ಎಚ್‌ಪಿಎಲ್‌ಸಿಯಲ್ಲಿ 0.2. ಇಳುವರಿ ಏರಿಸುವುದು ಹೇಗೆ?

ಜೋಳದ_ತೌಡು (ವಿಜಯಪುರ):

ಎಲ್ಲರಿಗೂ ನಮಸ್ಕಾರ. ಆಸ್ಪರ್‌ಜಿಲಸ್ ಟೆರಿಯಸ್ ಶಿಲೀಂಧ್ರವನ್ನು ಬಿಳಿಜೋಳದ ತೌಡಿನ ಮೇಲೆ ಬೆಳೆಸಿ ಲೊವಾಸ್ಟಾಟಿನ್ (ಕೊಲೆಸ್ಟರಾಲ್ ಇಳಿಸುವ ಔಷಧಿ) ತೆಗೆಯುವುದು ನಮ್ಮ ಎಂಎಸ್ಸಿ ಪ್ರಾಜೆಕ್ಟ್. ಮಾಡುತ್ತಿರುವ ರೀತಿ ಇದು: 250 ಮಿಲಿ ಫ್ಲಾಸ್ಕಿಗೆ 10 ಗ್ರಾಂ ತೌಡು, ತೇವಾಂಶ 65% ಬರಲೆಂದು 6.5 ಮಿಲಿ ಲವಣದ ದ್ರಾವಣ, 121 ಡಿಗ್ರಿಯಲ್ಲಿ 20 ನಿಮಿಷ ಆಟೋಕ್ಲೇವ್. ಆರಿದ ಮೇಲೆ 1 ಮಿಲಿ ಸ್ಪೋರ್ ದ್ರಾವಣ (ಮಿಲಿಗೆ ಸುಮಾರು 1 ಕೋಟಿ ಸ್ಪೋರು). ಇನ್‌ಕ್ಯುಬೇಟರ್ 30 ಡಿಗ್ರಿಗೆ ಇಟ್ಟು 7 ದಿನ. ಆಮೇಲೆ 60 ಡಿಗ್ರಿಯಲ್ಲಿ ಒಣಗಿಸಿ, ಪುಡಿ ಮಾಡಿ, ಮೆಥನಾಲ್‌ನಲ್ಲಿ ಅಲುಗಾಡಿಸಿ, ಸೋಸಿ, ಯುವಿ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 238 ನ್ಯಾನೋಮೀಟರ್‌ಗೆ ಓದುತ್ತೇವೆ.

ಸ್ಪೆಕ್ಟ್ರೋ ಪ್ರಕಾರ ಗ್ರಾಂಗೆ 9 ಮಿ.ಗ್ರಾಂ ಬಂತು. ಅದೇ ಸಾರವನ್ನು ಹೊರಗಿನ ಲ್ಯಾಬ್‌ಗೆ ಎಚ್‌ಪಿಎಲ್‌ಸಿಗೆ (ಪದಾರ್ಥಗಳನ್ನು ಬೇರ್ಪಡಿಸಿ ಒಂದೊಂದಾಗಿ ಅಳೆಯುವ ಯಂತ್ರ) ಕಳಿಸಿದರೆ 0.2 ಮಿ.ಗ್ರಾಂ ಎಂದು ವರದಿ. ಗೋಧಿ ಬೂಸಾದಲ್ಲೂ ಹೆಚ್ಚುಕಡಿಮೆ ಅಷ್ಟೇ. ಬೂಷ್ಟು ಮಾತ್ರ ಸೊಂಪಾಗಿ ಬೆಳೆದಿದೆ, ನಾಲ್ಕನೇ ದಿನಕ್ಕೇ ಫ್ಲಾಸ್ಕ್ ಪೂರ್ತಿ ದಾಲ್ಚಿನ್ನಿ ಬಣ್ಣ.

ಈಗ ಮೆಥಿಯೋನಿನ್ ಸೇರಿಸಲೇ, ಲಿನೊಲಿಕ್ ಆಸಿಡ್ ಸೇರಿಸಲೇ, ಇಲ್ಲ ಯುವಿ ಬೆಳಕಿನಲ್ಲಿ ಮ್ಯುಟೇಶನ್ ಮಾಡಿ ಹೊಸ ತಳಿ ಹುಡುಕಲೇ? ಉಳಿದಿರುವುದು ಮೂರು ತಿಂಗಳು.

ಪೀಕ್_ನೋಡು (ಬೆಳಗಾವಿ):

ಮೂರನ್ನೂ ಸದ್ಯ ಪಕ್ಕಕ್ಕಿಡಿ. ನಿಮ್ಮ ಬಳಿ ಎರಡು ಅಂಕಿ ಇವೆ, ಎರಡೂ ತಪ್ಪಿರುವ ಸಾಧ್ಯತೆಯೇ ಹೆಚ್ಚು. ಅಳತೆ ಸರಿಯಾಗುವವರೆಗೆ ಮಾಧ್ಯಮದಲ್ಲಿ ಏನು ಬದಲಿಸಿದರೂ ಅದು ಏರಿಸಿತೋ ಇಳಿಸಿತೋ ತಿಳಿಯುವುದಿಲ್ಲ.

ಮೊದಲು 9 ಮಿ.ಗ್ರಾಂ ವಿಷಯ. 238ರಲ್ಲಿ ಲೊವಾಸ್ಟಾಟಿನ್ ಬೆಳಕು ಹೀರುವುದು ನಿಜ, ಆದರೆ ಅದೊಂದೇ ಅಲ್ಲ. ಜೋಳದ ಸಿಪ್ಪೆಯ ಫೆನಾಲಿಕ್ ಪದಾರ್ಥಗಳು, ಫೆರುಲಿಕ್ ಆಸಿಡ್, ಇದೇ ಬೂಷ್ಟು ಮಾಡುವ ಹಳದಿ ಬಣ್ಣದ ಜಿಯೋಡಿನ್, ಸುಲೋಕ್ರಿನ್ ಎಲ್ಲವೂ ಆ ಜಾಗದಲ್ಲಿ ಓದುತ್ತವೆ. ಬೂಷ್ಟು ಹಾಕದ ತೌಡನ್ನು ಬ್ಲಾಂಕ್ (ಓದಿನಿಂದ ಕಳೆಯುವ ಮಾದರಿ) ಆಗಿ ಇಟ್ಟರೂ ಸಾಲದು, ಏಕೆಂದರೆ ಸಿಪ್ಪೆಗೆ ಅಂಟಿಕೊಂಡಿದ್ದ ಫೆರುಲಿಕ್ ಆಸಿಡ್ಡನ್ನು ಬಿಡಿಸುವುದೇ ಬೂಷ್ಟಿನ ಕಿಣ್ವಗಳು. ಬೆಳೆದಷ್ಟೂ ಓದು ಏರುತ್ತದೆ, ಲೊವಾಸ್ಟಾಟಿನ್ ಇರಲಿ ಬಿಡಲಿ. ಬೇಕಾದರೆ 220ರಿಂದ 260ರವರೆಗೆ ಸ್ಕ್ಯಾನ್ ಮಾಡಿ ನೋಡಿ. ಶುದ್ಧ ಲೊವಾಸ್ಟಾಟಿನ್‌ಗೆ 231, 238, 247ರ ಹತ್ತಿರ ಮೂರು ಗುಬುಟು ಕಾಣುತ್ತವೆ. ನಿಮ್ಮ ಸಾರದಲ್ಲಿ ಬರೀ ಇಳಿಜಾರು ಕಂಡರೆ ಆ 9ನ್ನು ಮರೆತುಬಿಡಿ.

ಇನ್ನು 0.2. ಲೊವಾಸ್ಟಾಟಿನ್ ಎರಡು ರೂಪದಲ್ಲಿರುತ್ತದೆ: ಉಂಗುರ ಮುಚ್ಚಿದ ಲ್ಯಾಕ್ಟೋನ್, ಉಂಗುರ ಬಿಚ್ಚಿದ ಹೈಡ್ರಾಕ್ಸಿ ಆಸಿಡ್. ಮಾತ್ರೆಯಲ್ಲಿ, ಅಂಗಡಿಯಿಂದ ತರಿಸುವ ಸ್ಟ್ಯಾಂಡರ್ಡ್‌ನಲ್ಲಿ (ಹೋಲಿಕೆಗೆ ಓಡಿಸುವ ಶುದ್ಧ ಮಾದರಿ) ಇರುವುದು ಲ್ಯಾಕ್ಟೋನ್. ಬೂಷ್ಟು ಮಾಡುವುದು ಬಹುಪಾಲು ಆಸಿಡ್ ರೂಪ. ಲ್ಯಾಬ್‌ನವರು ಲ್ಯಾಕ್ಟೋನ್ ಸ್ಟ್ಯಾಂಡರ್ಡ್ ಮಾತ್ರ ಓಡಿಸಿದ್ದರೆ ಅವರು ಎಣಿಸಿದ್ದು ಬಾಲವನ್ನು, ದನವನ್ನಲ್ಲ. ಕ್ರೊಮ್ಯಾಟೋಗ್ರಾಂ (ಎಚ್‌ಪಿಎಲ್‌ಸಿ ಬರೆದ ಗೆರೆಚಿತ್ರ, ಬೇರ್ಪಟ್ಟ ಪದಾರ್ಥ ಅದರಲ್ಲಿ ಪೀಕ್ ಆಗಿ ಏಳುತ್ತದೆ) ತೆಗೆದು ನೋಡಿ: ಲ್ಯಾಕ್ಟೋನ್ ಪೀಕಿಗಿಂತ ಮೊದಲು ಹೆಸರಿಲ್ಲದ ದೊಡ್ಡ ಪೀಕ್ ಇದೆಯೇ?

ಆಸಿಡ್ ಸ್ಟ್ಯಾಂಡರ್ಡ್ ನೀವೇ ಮಾಡಿಕೊಳ್ಳಬಹುದು. 4 ಮಿ.ಗ್ರಾಂ ಲ್ಯಾಕ್ಟೋನನ್ನು ಸ್ವಲ್ಪ ಎಥನಾಲ್‌ನಲ್ಲಿ ಕರಗಿಸಿ, ಅಷ್ಟೇ ಪ್ರಮಾಣದ 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿ, 50 ಡಿಗ್ರಿ ನೀರಿನಲ್ಲಿ 20 ನಿಮಿಷ ಇಡಿ. ತಣ್ಣಗಾದ ಮೇಲೆ ಹೈಡ್ರೋಕ್ಲೋರಿಕ್ ಆಸಿಡ್ಡಿನಿಂದ ಪಿಎಚ್ 7.7ಕ್ಕೆ ತನ್ನಿ. ಅದನ್ನು ಓಡಿಸಿದಾಗ ಲ್ಯಾಕ್ಟೋನ್ ಪೀಕ್ ಮಾಯವಾಗಿ ಮುಂಚೆ ಬರುವ ಹೊಸ ಪೀಕ್ ಸಿಗಬೇಕು. ನಿಮ್ಮ ಸಾರದ ಅನಾಮಧೇಯ ಪೀಕ್ ಅದೇ ಸಮಯಕ್ಕೆ ಬಂದರೆ ಕಳ್ಳ ಸಿಕ್ಕ.

ಓಡಿಸುವ ಕ್ರಮ: ಸಿ-18 ಕಾಲಂ (250 × 4.6 ಮಿ.ಮೀ., 5 ಮೈಕ್ರಾನ್), ಅಸಿಟೋನೈಟ್ರೈಲ್ 60 ಭಾಗ, 0.1% ಫಾಸ್ಫಾರಿಕ್ ಆಸಿಡ್ ಇರುವ ನೀರು 40 ಭಾಗ, ನಿಮಿಷಕ್ಕೆ 1 ಮಿಲಿ, 238 ನ್ಯಾನೋಮೀಟರ್. ಆ ಫಾಸ್ಫಾರಿಕ್ ಆಸಿಡ್ ಬಿಡಬೇಡಿ. ಬರೀ ನೀರು ಬಳಸಿದರೆ ಆಸಿಡ್ ರೂಪ ಅರ್ಧ ಅಯಾನ್ ಆಗಿ ಪೀಕ್ ಹರಡಿಕೊಂಡು ಬಾಲ ಬಿಡುತ್ತದೆ. ಕ್ಯಾಲಿಬ್ರೇಶನ್ ಮಿಲಿಗೆ 5ರಿಂದ 100 ಮೈಕ್ರೋಗ್ರಾಂವರೆಗೆ ಐದು ಬಿಂದು. ಒಟ್ಟು ಕೂಡಿಸುವಾಗ ಆಸಿಡ್‌ನ ತೂಕವನ್ನು 0.957ರಿಂದ ಗುಣಿಸಿ ಲ್ಯಾಕ್ಟೋನ್‌ಗೆ ಸಮ ಮಾಡಿ (ಅಣುತೂಕ 404.5 ಮತ್ತು 422.5).

ಸಾರ ತೆಗೆಯುವುದನ್ನೂ ಬದಲಿಸಿ. 1 ಗ್ರಾಂ ಒಣ ಪುಡಿಗೆ 5 ಮಿಲಿ ನೀರು, ಪಿಎಚ್ 3ಕ್ಕೆ ಇಳಿಸಿ, 10 ಮಿಲಿ ಈಥೈಲ್ ಅಸಿಟೇಟ್, 180 ಆರ್‌ಪಿಎಂನಲ್ಲಿ 2 ಗಂಟೆ, ಸೆಂಟ್ರಿಫ್ಯೂಜ್. ಮೇಲಿನ ಪದರದಿಂದ 1 ಮಿಲಿ ಆವಿ ಮಾಡಿ 1 ಮಿಲಿ ಅಸಿಟೋನೈಟ್ರೈಲ್‌ನಲ್ಲಿ ಕರಗಿಸಿ, 0.45 ಮೈಕ್ರಾನ್ ಫಿಲ್ಟರ್. ಪಿಎಚ್ ಇಳಿಸದಿದ್ದರೆ ಆಸಿಡ್ ರೂಪ ನೀರಲ್ಲೇ ಕೂರುತ್ತದೆ. ಮೆಥನಾಲನ್ನೇ ಬಳಸುವ ಹಟವಿದ್ದರೆ ಅದಕ್ಕೆ ಆಸಿಡ್ ಹಾಕಿ ಬೆಚ್ಚಗೆ ಇಡಬೇಡಿ, ಮೀಥೈಲ್ ಎಸ್ಟರ್ ಆಗಿ ಮೂರನೇ ಪೀಕ್ ಹುಟ್ಟುತ್ತದೆ.

ಕೊನೆಗೆ ರಿಕವರಿ. ಬೂಷ್ಟು ಹಾಕದ, ಆಟೋಕ್ಲೇವ್ ಆದ 1 ಗ್ರಾಂ ತೌಡಿಗೆ 1 ಮಿ.ಗ್ರಾಂ ಶುದ್ಧ ಲೊವಾಸ್ಟಾಟಿನ್ ಬೆರೆಸಿ ಇದೇ ಹಾದಿಯಲ್ಲಿ ತೆಗೆಯಿರಿ. ಮಿಲಿಗೆ 100 ಮೈಕ್ರೋಗ್ರಾಂ ಬರಬೇಕು. 90ಕ್ಕಿಂತ ಕಡಿಮೆ ಬಂದರೆ ಅದೇ ಪುಡಿಯನ್ನು ಎರಡನೇ ಸಲ ತೊಳೆಯಿರಿ.

ಹಿಂಡಿ_ಬೂಸಾ (ಬಾಗಲಕೋಟೆ):

ಮ್ಯಾಲಿನವರು ಹೇಳಿದ್ದು ಖರೆ ಐತಿ. ಆದ್ರ ನಿಮ್ಮ ಫ್ಲಾಸ್ಕಿನಾಗೂ ಎರಡು ತಪ್ಪು ಕಾಣಾಕತ್ತಾವು.

ಒಂದು, ನೀರಿನ ಲೆಕ್ಕ. 10 ಗ್ರಾಂ ತೌಡಿಗೆ 6.5 ಮಿಲಿ ಹಾಕಿದ್ರ 65% ಆಗೂದಿಲ್ರಿ. ತೇವಾಂಶ ಅಂದ್ರ ಒಟ್ಟು ತೂಕದಾಗ ನೀರಿನ ಪಾಲು. ತೌಡಿನಾಗ ಮೊದಲ 10% ನೀರು ಐತಿ ಅಂತ ಹಿಡೀರಿ: ಒಣ ಭಾಗ 9 ಗ್ರಾಂ, ನೀರು 1. ಅದಕ್ಕ 6.5 ಲವಣದ ದ್ರಾವಣ, 1 ಸ್ಪೋರು. ನೀರು 8.5, ಒಟ್ಟು ತೂಕ 17.5. ಭಾಗಿಸಿದ್ರ 48.6%. ಅಷ್ಟು ಒಣದಾಗ ಬೂಷ್ಟು ಬೆಳೀತೈತಿ, ಆದ್ರ ಲಗೂನ ಸ್ಪೋರು ಕಟ್ಟಿ ಕುಂದರತೈತಿ. ನಾಕನೇ ದಿನಕ್ಕ ಕಂದು ಬಣ್ಣ ಬಂತು ಅಂತ ನೀವ ಬರದೀರಿ, ಅದಕ್ಕ ಇದು ಒಂದು ಕಾರಣ.

65% ಬೇಕಂದ್ರ 10 ಗ್ರಾಂ ಒಣ ಭಾಗಕ್ಕ 10 × 65 ÷ 35, ಅಂದ್ರ 18.6 ಗ್ರಾಂ ನೀರು. 10 ಗ್ರಾಂ ಒಣ ಭಾಗ ಬರಾಕ 11.1 ಗ್ರಾಂ ತೌಡು ತೂಗ್ರಿ, ಅದರಾಗ 1.1 ನೀರು ಬಂತು. ಸ್ಪೋರಿಂದು 1 ಕಳೀರಿ. ಉಳಿದ 16.5 ಮಿಲಿ ದ್ರಾವಣ ಹಾಕ್ರಿ. ತೌಡಿನ ಖರೆ ತೇವಾಂಶ ತಿಳಿಯಾಕ 105 ಡಿಗ್ರಿಯಾಗ ತೂಕ ನಿಲ್ಲೂತನ ಒಣಗಿಸಿ ನೋಡ್ರಿ, ಅಂದಾಜಿಗೆ 10 ಅಂತ ಬರೀಬ್ಯಾಡ್ರಿ.

ಇನ್ನೊಂದು, ಇನ್‌ಕ್ಯುಬೇಟರ್. ಸಾದಾ ಇನ್‌ಕ್ಯುಬೇಟರ್ ಬಿಸಿ ಮಾಡತೈತಿ, ತಂಪು ಮಾಡೂದಿಲ್ಲ. ವಿಜಯಪುರದ ಬ್ಯಾಸಗಿಯಾಗ ರೂಮಿನ ಒಳಗ 36 ಇದ್ರ ನೀವು 30ಕ್ಕ ಗುಂಡಿ ತಿರುವಿದ್ರೂ ಒಳಗ 36 ಮ್ಯಾಲ ಇರತೈತಿ. ಟೆರಿಯಸ್‌ಗ ಆ ಬಿಸಿ ಅಂದ್ರ ಹಬ್ಬ, ಸೊಂಪಾಗಿ ಬೆಳೀತೈತಿ, ಲೊವಾಸ್ಟಾಟಿನ್ ಮಾತ್ರ ಮಾಡೂದಿಲ್ಲ. ಅದಕ್ಕ 28ರಿಂದ 30 ಬೇಕು. ಬಿಒಡಿ ಇನ್‌ಕ್ಯುಬೇಟರ್ ಹುಡುಕ್ರಿ, ಅದಕ್ಕ ಕಂಪ್ರೆಸರ್ ಇರತೈತಿ. ಒಳಗ ಬ್ಯಾರೆ ಥರ್ಮಾಮೀಟರ್ ಇಟ್ಟು ಮಧ್ಯಾಹ್ನ ಮೂರಕ್ಕ ನೋಡ್ರಿ, ಮುಂಜಾನೆ ಅಲ್ಲ. ಫ್ಯಾನು ಇದ್ರ ಹತ್ತಿ ಬಿರಡಿಯಿಂದ ನೀರು ಹಾರತೈತಿ, ಅದಕ್ಕ ತಳಕ್ಕ ಒಂದು ಟ್ರೇ ನೀರು ಇಡ್ರಿ, ಎರಡು ಫ್ಲಾಸ್ಕ್ ದಿನಾ ತೂಗ್ರಿ. ತೂಕದಾಗ ಇಳಿಯೂದರಾಗ ಸ್ವಲ್ಪ ಇಂಗಾಲದ ಡೈಆಕ್ಸೈಡ್ ಹೋಗಿದ್ದೂ ಇರತೈತಿ, ಎಲ್ಲಾ ನೀರಲ್ಲ.

ತೌಡಿನ ಮಾತು. ಗಿರಣಿ ತೌಡಿನಾಗ ಹಿಟ್ಟು ಭಾಳ ಇದ್ರ ಆಟೋಕ್ಲೇವಿನಾಗ ಸಂಗಟಿ ಆಗತೈತಿ. ಸಂಗಟಿಯೊಳಗ ಗಾಳಿ ಹೋಗೂದಿಲ್ಲ, ಬೂಷ್ಟು ಮ್ಯಾಲಷ್ಟ ಹೊದ್ದುಕೊಳ್ಳತೈತಿ. ಮ್ಯಾಲ ಆ ಪಿಷ್ಟ ಒಡದು ಗ್ಲೂಕೋಸ್ ಆಗತೈತಿ, ಗ್ಲೂಕೋಸ್ ಇರೂತನ ಲೊವಾಸ್ಟಾಟಿನ್ ಕೆಲಸ ಸುರು ಆಗೂದಿಲ್ಲ. ಜರಡಿ ಹಿಡದು 0.5ರಿಂದ 1.5 ಮಿ.ಮೀ. ನಡುವಿಂದು ತಗೋರಿ, ಅದಕ್ಕ ತೂಕದಾಗ 20–30% ಕಬ್ಬಿನ ಸಿಪ್ಪಿ ಕೂಡಸ್ರಿ. ರವದಿ ಅಲ್ಲ ಮತ್ತ, ಗಾಣದಿಂದ ಹೊರಗ ಬಿದ್ದ ಸಿಪ್ಪಿ. ಬಿಸಿನೀರಾಗ ಎರಡು ಸಲ ತೊಳದು ಸಕ್ಕರಿ ತಗದು, ಒಣಗಿಸಿ, ಕತ್ತರಿಸಿ ಹಾಕ್ರಿ. ಅದು ತಿನ್ನಾಕಲ್ಲ, ಗಾಳಿ ಆಡಾಕ.

ಬೂಸಾ ತರೂದಿದ್ರ ಹಿಟ್ಟಿನ ಗಿರಣಿಯಿಂದ ತರ್ರಿ. ಚೀಲದಾಗಿನ ಪಶು ಆಹಾರದಾಗ ಉಪ್ಪು, ಖನಿಜ, ಯೂರಿಯಾ ಕೂಡಸಿರ್ತಾರ. ಯೂರಿಯಾ ಅಂದ್ರ ಸಾರಜನಕ. ಲೊವಾಸ್ಟಾಟಿನ್‌ಗ ಸಾರಜನಕ ಲಗೂನ ತೀರಬೇಕು, ಕಾರ್ಬನ್ ಸಾವಕಾಶ ಸಿಗತಿರಬೇಕು. ಅದಕ್ಕ ಸೋಯಾ ಹಿಂಡಿ, ಶೇಂಗಾ ಹಿಂಡಿ ಸುರಿಯೂ ಮುಂಚೆ ತಡೀರಿ. 0, 2, 5, 10% ಹಾಕಿ ನಾಕು ಗುಂಪು ನೋಡ್ರಿ. ಹಿಂಡಿ ಏರಿದಂಗ ಬೂಷ್ಟು ದಪ್ಪ ಆಗತೈತಿ, ಔಷಧಿ ಒಂದು ಹಂತದ ಮ್ಯಾಲ ಇಳೀತೈತಿ.

ಫ್ಲಾಸ್ಕ್_220 (ಬೆಳಗಾವಿ):

ನಮ್ಮ ಕಡೆ ಸಕ್ಕರೆ ಕಾರ್ಖಾನೆಗಳಿಗೆ ಬರವಿಲ್ಲ. ಜೋಳದ ತೌಡಿನ ಜೊತೆ ಗುದ್ದಾಡುವ ಬದಲು ಕಾಕಂಬಿ ಹಾಕಿ ದ್ರವ ಮಾಧ್ಯಮದಲ್ಲಿ ಬೆಳೆಸಿದರೆ ಆಗುವುದಿಲ್ಲವೇ? ಅಗ್ಗ, ಅಳತೆಯೂ ಸುಲಭ.

ಪೀಕ್_ನೋಡು (ಬೆಳಗಾವಿ):

ಅಗ್ಗ ಹೌದು, ಈ ಕೆಲಸಕ್ಕೆ ಒಳ್ಳೆಯದಲ್ಲ. ಕಾಕಂಬಿಯಲ್ಲಿ ಸುಮಾರು ಅರ್ಧದಷ್ಟು ಸಕ್ಕರೆ, ಅದೂ ಸುಕ್ರೋಸ್, ಗ್ಲೂಕೋಸ್, ಫ್ರಕ್ಟೋಸ್. ಬೂಷ್ಟು ಅದನ್ನು ಗಬಗಬ ತಿಂದು ಮೈ ಬೆಳೆಸುತ್ತದೆ. ಜೊತೆಗೆ ಬೂದಿ ಅಂಶ, ಬಣ್ಣ, ಒಂದು ಕಾರ್ಖಾನೆಯ ಕಾಕಂಬಿಯ ಹಾಗೆ ಇನ್ನೊಂದರದ್ದಿಲ್ಲ. ಸಿಟ್ರಿಕ್ ಆಸಿಡ್‌ಗೆ, ಎಥನಾಲ್‌ಗೆ ಅದು ಸರಿ. ಇಲ್ಲಿ ಬೇಕಿರುವುದು ಬೂಷ್ಟು ನಿಧಾನವಾಗಿ ಬಳಸುವ ಕಾರ್ಬನ್: ಲ್ಯಾಕ್ಟೋಸ್, ಗ್ಲಿಸರಾಲ್.

ದ್ರವದಲ್ಲಿ ಮಾಡುವುದಾದರೆ ಲೀಟರಿಗೆ ಲ್ಯಾಕ್ಟೋಸ್ 20 ಗ್ರಾಂ, ಯೀಸ್ಟ್ ಎಕ್ಸ್‌ಟ್ರಾಕ್ಟ್ 4, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 1.5, ಮ್ಯಾಗ್ನೀಸಿಯಂ ಸಲ್ಫೇಟ್ 0.5, ಉಪ್ಪು 0.4, ಸತು ಮತ್ತು ಕಬ್ಬಿಣದ ಲವಣ ಮಿಲಿಗ್ರಾಂ ಲೆಕ್ಕದಲ್ಲಿ, ಪಿಎಚ್ 6.5. ಇಲ್ಲಿಂದ ಹೊರಡಿ. 250 ಮಿಲಿ ಫ್ಲಾಸ್ಕಿಗೆ 50 ಮಿಲಿಗಿಂತ ಹೆಚ್ಚು ತುಂಬಬೇಡಿ.

ದ್ರವದಲ್ಲಿ ಆಟ ಇರುವುದು ಉಂಡೆಯಲ್ಲಿ. ಬೂಷ್ಟು ಉಂಡೆ ಕಟ್ಟುತ್ತದೆ. ಉಂಡೆ ಬಟಾಣಿಯಷ್ಟಾದರೆ ಒಳಗೆ ಆಮ್ಲಜನಕ ಮುಟ್ಟದೆ ನಡುಭಾಗ ಸತ್ತಿರುತ್ತದೆ, ತೂಕಕ್ಕೆ ಉಂಟು ಕೆಲಸಕ್ಕಿಲ್ಲ. ಒಂದೂವರೆ ಮಿ.ಮೀ. ಒಳಗಿನ, ಅಂಚಿನಲ್ಲಿ ನೂಲು ಎದ್ದ ಮೆದು ಉಂಡೆ ಬೇಕು. ಸ್ಪೋರು ಕಡಿಮೆ ಹಾಕಿದರೆ ಉಂಡೆ ದೊಡ್ಡದಾಗುತ್ತದೆ, ಮಿಲಿಗೆ 10 ಲಕ್ಷದಿಂದ 1 ಕೋಟಿ ನಡುವೆ ಹುಡುಕಿ. ಸ್ಪೋರು ಅಂಟಿಕೊಂಡು ಗುಂಪಾಗಿದ್ದರೆ ಎಣಿಕೆಗೂ ಅರ್ಥವಿಲ್ಲ. 0.1% ಟ್ವೀನ್ 80 ಇರುವ ನೀರಲ್ಲಿ ಕೆರೆದು, ಶುದ್ಧ ಹತ್ತಿಯಲ್ಲಿ ಸೋಸಿ, ಹೀಮೋಸೈಟೋಮೀಟರ್‌ನಲ್ಲಿ ಎಣಿಸಿ. ಇನ್ನೊಂದು ಉಪಾಯ ನುಣುಪು ಟಾಲ್ಕ್ ಪುಡಿ, ಬೀಜ ಮಾಧ್ಯಮದಲ್ಲಿ (ಸ್ಪೋರನ್ನು ಮೊದಲು ಮೊಳೆಸುವ ದ್ರವ) ಲೀಟರಿಗೆ 5ರಿಂದ 12 ಗ್ರಾಂ. ಸ್ಪೋರುಗಳು ಒಂದಕ್ಕೊಂದು ಅಂಟುವುದನ್ನು ಅದು ತಡೆದು ಉಂಡೆ ಸಣ್ಣದಾಗಿಸುತ್ತದೆ. ಪ್ರಯೋಗಾಲಯದ ಟಾಲ್ಕ್ ಮಾತ್ರ, ಮುಖಕ್ಕೆ ಹಚ್ಚುವ ಪೌಡರ್ ಬೇಡ, ಅದರಲ್ಲಿ ಸುಗಂಧ ಇದೆ.

ಆದರೂ ಮೂರು ತಿಂಗಳಲ್ಲಿ ತೌಡು ಬಿಟ್ಟು ದ್ರವಕ್ಕೆ ಹಾರುವುದು ನನಗೆ ಸರಿ ಕಾಣದು. ಸುಧಾರಿಸದ ತಳಿ ಶೇಕ್ ಫ್ಲಾಸ್ಕಿನಲ್ಲಿ ಲೀಟರಿಗೆ ಹತ್ತಾರು ಮಿಲಿಗ್ರಾಂ ಕೊಟ್ಟರೂ ಸಮಾಧಾನಪಡಬೇಕು.

ಫ್ಲಾಸ್ಕ್_220 (ಬೆಳಗಾವಿ):

ಕಾಕಂಬಿ ವಾಪಸ್. ಆದರೆ ಲ್ಯಾಕ್ಟೋಸ್ ಮಾತು ಬಂದಿದ್ದಕ್ಕೆ ಒಂದು ಸೂಚನೆ: ಪನೀರ್ ಮಾಡುವವರು ಹಾಲೊಡಕನ್ನು ಚರಂಡಿಗೆ ಚೆಲ್ಲುತ್ತಾರೆ. ಅದರಲ್ಲಿ ಸುಮಾರು 4.5% ಲ್ಯಾಕ್ಟೋಸ್. ಕುದಿಸಿ, ಒಡೆದ ಪ್ರೋಟೀನ್ ಸೋಸಿ, ಪಿಎಚ್ 6.5ಕ್ಕೆ ಏರಿಸಿ, ತೌಡಿಗೆ ಹಾಕುವ 16.5 ಮಿಲಿ ನೀರಿನ ಬದಲು ಅದನ್ನೇ ಹಾಕಿದರೆ 10 ಗ್ರಾಂ ಒಣ ತೌಡಿಗೆ 0.74 ಗ್ರಾಂ ಲ್ಯಾಕ್ಟೋಸ್ ಸೇರುತ್ತದೆ. ಸೋಸದೆ ಹಾಕಿದರೆ ಪ್ರೋಟೀನ್ ಆಟೋಕ್ಲೇವ್‌ನಲ್ಲಿ ಗರಣೆ ಕಟ್ಟುತ್ತದೆ, ಸಾರಜನಕವೂ ಏರುತ್ತದೆ.

ಜೋಳದ_ತೌಡು (ವಿಜಯಪುರ):

ಎಲ್ಲರಿಗೂ ಧನ್ಯವಾದ. ನೋಡಿದ್ದು ಇಷ್ಟು. ಕ್ರೊಮ್ಯಾಟೋಗ್ರಾಂನಲ್ಲಿ ಲ್ಯಾಕ್ಟೋನ್‌ಗಿಂತ ಮೊದಲು ದೊಡ್ಡ ಪೀಕ್ ಇತ್ತು, ಹೆಸರು ಬರೆದಿರಲಿಲ್ಲ. ಆಸಿಡ್ ಸ್ಟ್ಯಾಂಡರ್ಡ್ ಮಾಡಿ ಓಡಿಸಿದಾಗ ಸಮಯ ಹೊಂದಿತು. ಎರಡೂ ಕೂಡಿಸಿ ಗ್ರಾಂಗೆ 1.1 ಮಿ.ಗ್ರಾಂ. ಇನ್‌ಕ್ಯುಬೇಟರ್ ಒಳಗೆ ಮಧ್ಯಾಹ್ನ 37 ಇದೆ. ತೌಡಿನ ತೇವಾಂಶ 9.5%.

ಎರಡು ಪ್ರಶ್ನೆ ಉಳಿದಿವೆ. ಈ 1.1 ಎಂಬುದು ಯಾವ ಗ್ರಾಂಗೆ? ಒಣಗಿಸಿದ ಮೇಲೆ 10 ಗ್ರಾಂ ತೌಡು 7 ಗ್ರಾಂ ಆಗಿದೆ. ಮತ್ತು ಮೆಥಿಯೋನಿನ್, ಲಿನೊಲಿಕ್ ಆಸಿಡ್, ಮ್ಯುಟೇಶನ್ ವಿಷಯ ಯಾರೂ ಹೇಳಲಿಲ್ಲ.

ಪೀಕ್_ನೋಡು (ಬೆಳಗಾವಿ):

ಒಳ್ಳೆಯ ಪ್ರಶ್ನೆ, ಎಷ್ಟೋ ಪ್ರಬಂಧಗಳಲ್ಲಿ ಇದನ್ನು ಬರೆದಿರುವುದೇ ಇಲ್ಲ. ನೀವು ತೂಗಿದ್ದು ಹುದುಗಿದ ಮೇಲಿನ ಪುಡಿ. ಬೂಷ್ಟು ಉಸಿರಾಡಿ ತೌಡನ್ನು ಸುಟ್ಟಿದೆ. ನಿಮ್ಮ 10 ಗ್ರಾಂನಲ್ಲಿ ಒಣ ಭಾಗ 9.05, ಉಳಿದದ್ದು 7. ಹಾಗಾದರೆ 1.1 × 7 ÷ 9.05, ಅಂದರೆ ಮೊದಲಿನ ಒಣ ತೌಡಿನ ಗ್ರಾಂಗೆ 0.85 ಮಿ.ಗ್ರಾಂ. ಇದನ್ನೇ ಬರೆಯಿರಿ. ಇಲ್ಲವಾದರೆ ಹತ್ತು ದಿನ ಹೆಚ್ಚು ಇಟ್ಟ ಫ್ಲಾಸ್ಕ್ ತೌಡು ಕಳೆದುಕೊಂಡಿದ್ದಕ್ಕೇ ಇಳುವರಿ ಏರಿದಂತೆ ಕಾಣುತ್ತದೆ.

ಮೆಥಿಯೋನಿನ್‌ಗೆ ಕಾರಣ ಇದೆ. ಲೊವಾಸ್ಟಾಟಿನ್ ಅಸಿಟೇಟ್ ತುಂಡುಗಳನ್ನು ಜೋಡಿಸಿ ಕಟ್ಟಿದ ಅಣು. ದೊಡ್ಡ ಭಾಗವನ್ನು ಲೊವ್-ಬಿ, ಪಕ್ಕದ ಸಣ್ಣ ಸರಪಳಿಯನ್ನು ಲೊವ್-ಎಫ್ ಕಿಣ್ವ ಕಟ್ಟುತ್ತದೆ, ಎರಡನ್ನೂ ಲೊವ್-ಡಿ ಬೆಸೆಯುತ್ತದೆ. ಕಟ್ಟುವಾಗ ಎರಡು ಮೀಥೈಲ್ ಗುಂಪು ಮೆಥಿಯೋನಿನ್‌ನಿಂದ ಹೋಗುತ್ತವೆ. ಆದರೆ ಅದು ಸಾರಜನಕವನ್ನೂ ತರುತ್ತದೆ, ಹಾಗಾಗಿ ಮೊದಲ ದಿನ ಅಲ್ಲ, ಬೆಳವಣಿಗೆ ನಿಂತ ಮೇಲೆ ಹಾಕಬೇಕು. ಘನ ಮಾಧ್ಯಮದಲ್ಲಿ ನಾಲ್ಕನೇ ದಿನ ಸಮವಾಗಿ ಬೆರೆಸುವುದು ಕಷ್ಟ, ಬೆರೆಸಲು ಹೋದರೆ ನೂಲು ಹರಿಯುತ್ತದೆ. ಲಿನೊಲಿಕ್ ಆಸಿಡ್ ಆಹಾರವಾಗಿ ಅಲ್ಲ, ಸಂಕೇತವಾಗಿ ಕೆಲಸ ಮಾಡುತ್ತದೆ, ಅದು ದ್ರವ ಮಾಧ್ಯಮದ ಆಟ. ನಿಮ್ಮ ಪಟ್ಟಿಯಲ್ಲಿ ಎರಡೂ ಕೊನೆಗೆ ಇರಲಿ.

ಹುದುಗಿಸುವ ದಿನವೂ 7 ಎಂದು ಕಟ್ಟಿಹಾಕಬೇಡಿ. 4, 6, 8, 10, 12ನೇ ದಿನಕ್ಕೆ ಮೂರು ಮೂರು ಫ್ಲಾಸ್ಕ್, ಒಟ್ಟು 15. ಒಂದೇ ಫ್ಲಾಸ್ಕ್ ತೆರೆದು ತೆರೆದು ಸ್ಯಾಂಪಲ್ ತೆಗೆಯುವುದು ಬೇಡ.

ಸ್ಲಾಂಟ್_ಕಾಯುವವ (ವಿಜಯಪುರ):

ಮ್ಯುಟೇಶನ್ ಬಗ್ಗೆ. 254 ನ್ಯಾನೋಮೀಟರ್ ದೀಪದಡಿ ನೂರಕ್ಕೆ 95–99 ಸ್ಪೋರು ಸಾಯುವಷ್ಟು ಹೊತ್ತು ಇಟ್ಟು, ಕತ್ತಲಲ್ಲಿ ಬೆಳೆಸಿ (ಬೆಳಕು ಬಿದ್ದರೆ ಪೆಟ್ಟು ತಿಂದ ಡಿಎನ್‌ಎ ದುರಸ್ತಿಯಾಗುತ್ತದೆ), ನೂರಾರು ಕಾಲೊನಿ ಒಂದೊಂದಾಗಿ ಅಳೆಯಬೇಕು. ಎಚ್‌ಪಿಎಲ್‌ಸಿ ಹೊರಗೆ ಕಳಿಸುವವರಿಗೆ ಇದು ಆಗದ ಮಾತು. ಬದಲಿಗೆ ನಿಮ್ಮ ತಳಿಯನ್ನು ಎಷ್ಟು ಸಲ ಸ್ಲಾಂಟಿನಿಂದ ಸ್ಲಾಂಟಿಗೆ (ತಳಿ ಕಾಪಿಡುವ ಓರೆ ಅಗರ್ ಟ್ಯೂಬು) ದಾಟಿಸಿದ್ದೀರಿ ನೋಡಿ. ಹತ್ತು ಹದಿನೈದು ಸಲ ದಾಟಿಸಿದ ಟೆರಿಯಸ್ ಇಳುವರಿ ಬಿಡುವುದು ಸಾಮಾನ್ಯ. ಸ್ಪೋರ್ ದ್ರಾವಣ ತೆಳು ಮಾಡಿ ಹರಡಿ, 20–30 ಒಂಟಿ ಕಾಲೊನಿ ಎತ್ತಿ, ಒಂದೊಂದನ್ನೂ ಒಂದೇ ಫ್ಲಾಸ್ಕಿನಲ್ಲಿ ಬೆಳೆಸಿ ನೋಡಿ. ಒಳ್ಳೆಯದು ಸಿಕ್ಕ ಕೂಡಲೇ 20% ಗ್ಲಿಸರಾಲ್‌ನಲ್ಲಿ ಮೈನಸ್ 80ಕ್ಕೆ ಇಪ್ಪತ್ತು ಟ್ಯೂಬ್ ಇಟ್ಟು, ಪ್ರತಿ ಪ್ರಯೋಗವನ್ನು ಹೊಸ ಟ್ಯೂಬಿನಿಂದ ಶುರು ಮಾಡಿ.

ಇದುವರೆಗೆ ಯಾರೂ ಎತ್ತದ ಮಾತು: ಟೆರಿಯಸ್ ಮನುಷ್ಯರಿಗೂ ರೋಗ ತರುವ ಬೂಷ್ಟು. ಆಂಫೊಟೆರಿಸಿನ್-ಬಿ ಔಷಧಿಗೆ ಅದು ಹುಟ್ಟಿನಿಂದಲೇ ಬಗ್ಗುವುದಿಲ್ಲ. ಒಣ ಸ್ಪೋರು ತುಂಬಿದ ಫ್ಲಾಸ್ಕನ್ನು ಅಡ್ಡಗಾಳಿಯ ಲ್ಯಾಮಿನಾರ್ ಹುಡ್‌ನಲ್ಲಿ ತೆರೆಯಬೇಡಿ, ಅದು ಗಾಳಿಯನ್ನು ನಿಮ್ಮ ಮುಖಕ್ಕೇ ಊದುತ್ತದೆ. ಬಯೋಸೇಫ್ಟಿ ಕ್ಯಾಬಿನೆಟ್ ಬೇಕು. ಒಣಗಿಸಿ ಅರೆಯುವ ಹಂತ ಇನ್ನೂ ಅಪಾಯ: 60 ಡಿಗ್ರಿಗೆ ಎಲ್ಲ ಸ್ಪೋರು ಸತ್ತಿವೆ ಎಂದು ನಂಬಬೇಡಿ, ಮಿಕ್ಸಿ ಮುಚ್ಚಳ ತೆಗೆಯುವ ಮುಂಚೆ ಹತ್ತು ನಿಮಿಷ ಬಿಡಿ, ಎನ್-95 ಹಾಕಿ. ಉಸಿರಾಟದ ತೊಂದರೆ ಇರುವವರು, ಸ್ಟೀರಾಯ್ಡ್ ತೆಗೆದುಕೊಳ್ಳುವವರು ಆ ಕೋಣೆಗೆ ಬರುವುದೇ ಬೇಡ. ಕಚ್ಚಾ ಸಾರವನ್ನು ಕೊಲೆಸ್ಟರಾಲ್ ಮದ್ದು ಎಂದು ಯಾರಿಗೂ ಕೊಡಬೇಡಿ. ಇದೇ ಬೂಷ್ಟಿನ ಕೆಲವು ತಳಿ ಮೂತ್ರಪಿಂಡಕ್ಕೆ ವಿಷವಾದ ಸಿಟ್ರಿನಿನ್ ಕೂಡ ಮಾಡುತ್ತವೆ.

ಹಿಂಡಿ_ಬೂಸಾ (ಬಾಗಲಕೋಟೆ):

37 ಅಂದ್ರಲ್ಲ, ಅದ ಮೊದಲ ಸರಿ ಮಾಡ್ರಿ. ಸಾಲು ಹಿಂಗ ಇರಲಿ: ಮೊದಲ 29 ಡಿಗ್ರಿ ಮತ್ತ 65%, ಹಳೇ ತೌಡ, ಮತ್ತೇನೂ ಬದಲಿ ಬ್ಯಾಡ. ಅದರಾಗ ಎಷ್ಟು ಏರತೈತಿ ನೋಡಿ ಆಮ್ಯಾಲ 60 ಮತ್ತ 70%. ಆಮ್ಯಾಲ ಕಬ್ಬಿನ ಸಿಪ್ಪಿ. ಆಮ್ಯಾಲ ಹಾಲೊಡಕು. ಎಲ್ಲಾ ಒಮ್ಮೆಲೆ ಹಾಕಿದ್ರ ಯಾವುದು ಏರಿಸ್ತು ಗೊತ್ತಾಗೂದಿಲ್ಲ.

ಫ್ಲಾಸ್ಕ್ ಬಿಟ್ಟು ಟ್ರೇಕ್ಕ ಹೋಗೂ ವಿಚಾರ ಇದ್ರ ಪದರ 2–3 ಸೆಂ.ಮೀ. ಮೀರಬ್ಯಾಡ. ಎರಡು–ಮೂರನೇ ದಿನಕ್ಕ ನಡುವ ತಾನ ಬಿಸಿ ಆಗತೈತಿ, ಹೊರಗ 29 ಇದ್ರೂ ಒಳಗ ಮತ್ತ ನಿಮ್ಮ 37 ಬಂದು ಕುಂದರತೈತಿ. ತೌಡಿನ ನಡುವ ಥರ್ಮೋಕಪಲ್ ಚುಚ್ಚಿ ಇಡ್ರಿ, ಗ್ವಾಡಿಗೆ ಅಲ್ಲ.

ಜೋಳದ_ತೌಡು (ವಿಜಯಪುರ):

ಪಕ್ಕದ ವಿಭಾಗದಲ್ಲಿ ಬಿಒಡಿ ಇನ್‌ಕ್ಯುಬೇಟರ್ ಸಿಕ್ಕಿದೆ, ಸೋಮವಾರದಿಂದ 29 ಡಿಗ್ರಿ. ಸ್ಲಾಂಟಿನ ಲೆಕ್ಕ ತೆಗೆದೆ, 14ನೇ ಸಲದ್ದು. ಒಂಟಿ ಕಾಲೊನಿಗೆ ಪ್ಲೇಟ್ ಹರಡಿದ್ದೇನೆ. 15 ಫ್ಲಾಸ್ಕಿನ ಅಂಕಿ ಬಂದ ಮೇಲೆ ಇಲ್ಲೇ ಹಾಕುತ್ತೇನೆ, ಆಸಿಡ್ ಮತ್ತು ಲ್ಯಾಕ್ಟೋನ್ ಬೇರೆ ಬೇರೆ ಸಾಲಿನಲ್ಲಿ.